ಹೊಸ ಟ್ಯಾಬ್ ತಗೊಂಡವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ 🙏

ಹೊಸ ಆಂಡ್ರಾಯ್ಡ್ ಟ್ಯಾಬ್ ತಗೊಂಡಿರುವ ನಮ್ಮ ಹಿರಿಯರಿಗೆ ಭಾನುವಾರ ಬೆಳಿಗ್ಗೆ 10.30ಕ್ಕೆ ಕ್ಲಬ್‌ಹೌಸ್‌ನಲ್ಲಿ ಸೆಟಪ್ ಮಾಡಿಕೊಡುತ್ತೇವೆ. ಪೂರ್ತಿ ಚಾರ್ಜ್ ಮಾಡಿ ತನ್ನಿ. ಜೊತೆಗೆ ಮೊಬೈಲೂ ಇರಲಿ, ಒಟಿಪಿ ಬರುವುದು ಅದಕ್ಕೇ. ಜಿಮೇಲ್ ಪಾಸ್‌ವರ್ಡ್ ಮರೆತಿದ್ದರೆ ಮೊದಲೇ ಸರಿಮಾಡಿಕೊಳ್ಳಿ. ಹೊಸ ಖಾತೆ ತೆರೆದರೆ ಹಳೆಯ ಕಾಂಟ್ಯಾಕ್ಟ್‌ಗಳು ತಾವಾಗಿ ಬರುವುದಿಲ್ಲ.

ಮನೆಯಲ್ಲೇ ಶುರು ಮಾಡುವವರು ವೈಫೈ ಜೋಡಿಸಿ ಮೊದಲು ಸಿಸ್ಟಂ ಅಪ್‌ಡೇಟ್ ಮುಗಿಸಿ. ಒಂದೆರಡು ಜಿಬಿ ನುಂಗಬಹುದು, ಹಾಟ್‌ಸ್ಪಾಟ್ ಬೇಡ.

ಹೆಚ್ಚಿನವರು ಎಡವುವುದು ವಾಟ್ಸಾಪ್‌ನಲ್ಲಿ. ಟ್ಯಾಬ್‌ನಲ್ಲಿ ಅದೇ ನಂಬರ್ ಹಾಕಿ ಹೊಸದಾಗಿ ನೋಂದಾಯಿಸಬೇಡಿ, ಮೊಬೈಲ್‌ನದು ಲಾಗೌಟ್ ಆಗಿಬಿಡುತ್ತದೆ. ಟ್ಯಾಬ್ ತೋರಿಸುವ ಕ್ಯೂಆರ್ ಕೋಡನ್ನು ಮೊಬೈಲ್ ವಾಟ್ಸಾಪ್‌ನ ‘ಲಿಂಕ್ಡ್ ಡಿವೈಸಸ್’ನಿಂದ ಸ್ಕ್ಯಾನ್ ಮಾಡಿ. ಆಮೇಲೂ ಮೊಬೈಲ್‌ನಲ್ಲಿ 14 ದಿನ ವಾಟ್ಸಾಪ್ ತೆರೆಯದೇ ಇದ್ದರೆ ಟ್ಯಾಬ್‌ನ ಸಂಪರ್ಕ ಕಡಿದುಹೋಗುತ್ತದೆ.

ಕನ್ನಡ ಟೈಪಿಂಗ್‌ಗೆ: ಜಿಬೋರ್ಡ್ (ಗೂಗಲ್‌ನ ಕೀಬೋರ್ಡ್ ಆಪ್) ಸೆಟ್ಟಿಂಗ್ಸ್ → ಲ್ಯಾಂಗ್ವೇಜಸ್ → ಆಡ್ ಕೀಬೋರ್ಡ್ → ಕನ್ನಡ. ‘ಎಬಿಸಿ → ಕನ್ನಡ’ ಆರಿಸಿದರೆ ಇಂಗ್ಲಿಷ್ ಅಕ್ಷರ ಒತ್ತಿದಂತೆ ಕನ್ನಡ ಮೂಡುತ್ತದೆ. ಭಾಷೆ ಬದಲಿಸಲು ಸ್ಪೇಸ್ ಪಕ್ಕದ ಗ್ಲೋಬ್ ಗುರುತು.

ಬರುವವರು ಶುಕ್ರವಾರ ಸಂಜೆಯೊಳಗೆ ಫ್ಲ್ಯಾಟ್ ನಂಬರ್, ಟ್ಯಾಬ್ ಮಾಡೆಲ್ ಇಲ್ಲೇ ಹಾಕಿ. ಪಾಸ್‌ವರ್ಡ್ ಮಾತ್ರ ದಯವಿಟ್ಟು ಗುಂಪಿನಲ್ಲಿ ಬೇಡ 🙂