ಲೋ ಬ್ಯಾಂಡಿಗೂ, ಊಟದ ಡಬ್ಬಿ ತಂದವರಿಗೂ

ನನ್ನ ಹೆಂಡತಿಯ ಕೀಮೋಥೆರಪಿ ಮುಗಿಯಿತು. ಸ್ಕ್ಯಾನ್ ವರದಿ ನೋಡಿದ ವೈದ್ಯರು, ಸದ್ಯಕ್ಕೆ ಈ ಕಡೆ ತಲೆಹಾಕಬೇಡಿ ಎಂದು ನಕ್ಕರು. ಅಮೆರಿಕದ ಮಿನಿಯಾಪೊಲಿಸ್‌ನ ಈ ಚಳಿಗಾಲದಲ್ಲಿ ನಮ್ಮ ಕೈಹಿಡಿದವರಿಗೆಲ್ಲ ಫೋನ್ ಮಾಡಿ ಮುಗಿಸುವುದು ಆಗದ ಮಾತು, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಮುಖವನ್ನೇ ಕಾಣದ ಇಬ್ಬರಿಗೂ ಇದರಲ್ಲಿ ಪಾಲಿದೆ: ಅಲನ್ ಸ್ಪಾರ್‌ಹಾಕ್ ಮತ್ತು ಮಿಮಿ ಪಾರ್ಕರ್.

ಇಲ್ಲಿಂದ ಉತ್ತರಕ್ಕೆ, ಸುಪೀರಿಯರ್ ಸರೋವರದ ದಂಡೆಯ ಡುಲೂತ್‌ನ ದಂಪತಿ ಇವರು. 1993ರಲ್ಲಿ 'ಲೋ' ಬ್ಯಾಂಡ್ ಕಟ್ಟಿದರು. ಗ್ರಂಜ್ ಎಂಬ ಗದ್ದಲದ ರಾಕ್ ಅಬ್ಬರಿಸುತ್ತಿದ್ದ ಕಾಲದಲ್ಲಿ ಹಟ ತೊಟ್ಟವರಂತೆ ಮೆಲ್ಲಗೆ ನುಡಿಸಿದರು. ಮಿಮಿ ನಿಂತೇ ಡ್ರಮ್ ಬಾರಿಸುತ್ತಿದ್ದರು. ಮುಂದೆ ಒಂದೆರಡು ಡ್ರಮ್, ಒಂದು ಸಿಂಬಲ್, ಅಷ್ಟೇ. ಧಾರವಾಡದಲ್ಲಿ ವಿಳಂಬಿತ ಖ್ಯಾಲ್ ಕೇಳಿ ಬೆಳೆದ ನನಗೂ, ರಾಕ್ ಸಂಗೀತದಲ್ಲಿ ಎರಡು ಪೆಟ್ಟುಗಳ ನಡುವೆ ಇಷ್ಟು ಜಾಗವಿರಬಹುದೆಂದು ಗೊತ್ತಿರಲಿಲ್ಲ.

ಅವರ ಎಲ್‌ಪಿ ರೆಕಾರ್ಡುಗಳನ್ನು ಪೆಟ್ಟಿಗೆ ಸಮೇತ ತಂದಿಟ್ಟ ಸಹೋದ್ಯೋಗಿಗೆ ಮೊದಲ ವಂದನೆ. 2013ರಲ್ಲಿ ಇದೇ ಊರಿನ ವಾಕರ್ ಕಲಾಕೇಂದ್ರದ ಬಯಲು ಸಂಗೀತ ಕಛೇರಿಯಲ್ಲಿ ಲೋ ತನಗೆ ಸಿಕ್ಕ ಸಮಯವನ್ನೆಲ್ಲ ಒಂದೇ ಹಾಡಿಗೆ, ಸುಮಾರು 27 ನಿಮಿಷದ ಗುಂಯ್‌ಗುಡುವ ನಾದಕ್ಕೆ ಸುರಿದುಬಿಟ್ಟಿತಂತೆ. ಜನ ಎರಡು ಪಾಳಯವಾದರು. ಈತ ಅಂದು ಸಿಟ್ಟಾದವರ ಪಾಳಯ, ಆದರೂ ರೆಕಾರ್ಡ್ ಕೊಳ್ಳುವುದನ್ನು ಬಿಡಲಿಲ್ಲ.

ಬಿಡದೆ ಇದ್ದುದು ಒಳ್ಳೆಯದೇ ಆಯಿತು. ಅದಕ್ಕೂ ಮೊದಲೇ, 2005ರ ಹೊತ್ತಿಗೇ, ಅವರ ಗಿಟಾರ್ ಗರ್ಜಿಸತೊಡಗಿತ್ತು. ಬೇಸ್ ನುಡಿಸುವವರು ಬಂದರು, ಹೋದರು. 2018ರಲ್ಲಿ ನಿರ್ಮಾಪಕ ಬಿ.ಜೆ. ಬರ್ಟನ್ ಜೊತೆ ಮಾಡಿದ 'ಡಬಲ್ ನೆಗೆಟಿವ್' ಆಲ್ಬಮ್‌ನಲ್ಲಂತೂ ಹಾಡುಗಳನ್ನೇ ಚೂರುಚೂರು ಮಾಡಿದ್ದಾರೆ. ಸದ್ದು ಸೀಳುತ್ತದೆ, ಉಸಿರುಗಟ್ಟುತ್ತದೆ. ಒಳಗೆಲ್ಲೋ ಆ ಎರಡು ದನಿಗಳು ಮಾತ್ರ ಒಂದನ್ನೊಂದು ಬಿಡದೆ ಹಾಡುತ್ತಿರುತ್ತವೆ. ಇಪ್ಪತ್ತೈದು ವರ್ಷ ಹಾಡಿದವರು ತಮ್ಮ ಚೆಲುವನ್ನೇ ಹೀಗೆ ಪಣಕ್ಕಿಡುವುದು ಅಪರೂಪ. ನನ್ನ ಮಟ್ಟಿಗೆ ಅದೇ ಅವರ ಶಿಖರ.

ಮೊದಲ ಸಲ ಅದನ್ನು ಹಾಕಿದಾಗ "ಸ್ಪೀಕರ್ ಕೆಟ್ಟಿದೆಯೇ?" ಎಂದಿದ್ದಳು ನನ್ನಾಕೆ. ಕೀಮೋ ಆದ ಮರುದಿನಗಳಲ್ಲಿ, ನೀರೂ ಕಬ್ಬಿಣದ ರುಚಿ ಎನ್ನಿಸುವಾಗ, ಅದನ್ನೇ ಕೇಳಿ ಹಾಕಿಸಿಕೊಂಡಳು. "ಹಳೆಯ ಹಾಡುಗಳು ನನಗೆ ಸಮಾಧಾನ ಹೇಳಲು ಬರುತ್ತವೆ, ಇದು ಹೇಳುವುದಿಲ್ಲ" ಎಂದಳು. ಅಂಡಾಶಯದ ಕ್ಯಾನ್ಸರ್‌ನಿಂದ ಮಿಮಿ 2022ರ ನವೆಂಬರ್‌ನಲ್ಲಿ ತೀರಿಕೊಂಡ ವಿಷಯ ನಾನು ಎತ್ತಿರಲಿಲ್ಲ. ಅವಳಿಗದು ಮೊದಲೇ ಗೊತ್ತಿತ್ತು. "ಆಕೆ ಹಾಡುತ್ತಿದ್ದಾರಲ್ಲ, ನಡುವೆ ನಿಲ್ಲಿಸಬೇಡಿ" ಎಂದಳಷ್ಟೇ.

ಮಿಮಿಯವರಿಗೆ ಈ ವಂದನೆ ತಲುಪುವಂತಿಲ್ಲ. ಅಲನ್ ಮಾತ್ರ ಹಾಡುತ್ತಲೇ ಇದ್ದಾರೆ. 2024ರ ಆಲ್ಬಮ್‌ನಲ್ಲಿ ಯಂತ್ರ ಹೊಕ್ಕ ಅವರ ದನಿ ಗುರುತೇ ಸಿಗದಷ್ಟು ಬದಲಾಗಿದೆ. ಅದು ನನಗೆ ಇನ್ನೂ ಪೂರ್ತಿ ದಕ್ಕಿಲ್ಲ, ನನ್ನಾಕೆಗೆ ದಕ್ಕಿದೆ.

ಕೈಗೆ ಸೂಜಿ ಚುಚ್ಚುವಾಗಲೂ ಹರಟುತ್ತಿದ್ದ ನರ್ಸಮ್ಮನಿಗೆ, ಹಿಮ ಬಿದ್ದ ಬೆಳಿಗ್ಗೆ ಕೇಳದೆಯೇ ನಮ್ಮ ಕಾರಿನ ದಾರಿ ತೆರವು ಮಾಡಿದ ಪಕ್ಕದ ಮನೆಯವರಿಗೆ, ಸಾರು, ಮೆಂತ್ಯದ ಗಂಜಿ, ಮೊಸರನ್ನ ತಂದ ಕನ್ನಡದ ಬಳಗಕ್ಕೆ ಅನಂತ ವಂದನೆಗಳು. ನಿಮ್ಮ ಸ್ಟೀಲ್ ಡಬ್ಬಿಗಳೆಲ್ಲ ತೊಳೆದು ಅಡುಗೆಮನೆ ಕಟ್ಟೆಯ ಮೇಲಿವೆ. ಹೆಸರು ಕೆತ್ತಿಸದವರು ದಯವಿಟ್ಟು ಬಂದು ತಮ್ಮದನ್ನು ಗುರುತಿಸಿಕೊಳ್ಳಿ. ಮುಚ್ಚಳಗಳ ವಿಷಯದಲ್ಲಿ ಸ್ವಲ್ಪ ಜಗಳವಾಗುವ ಲಕ್ಷಣವಿದೆ.