‘ಸಾಬೀತು’ ಅನ್ನೋ ಮುಂಚೆ ಎರಡು ಅಂಕಿ ಕೊಡಿ

ಮಾನ್ಯ ಸಂಪಾದಕರೇ,

ಮೆಂತ್ಯ ನೀರು ಕುಡಿದರೆ ಸಕ್ಕರೆ ಇಳಿಯುವುದು ‘ವೈಜ್ಞಾನಿಕವಾಗಿ ಸಾಬೀತು’ ಎಂಬ ನಿಮ್ಮ ಪತ್ರಿಕೆಯ ಸುದ್ದಿಯನ್ನು ನಮ್ಮಕ್ಕ ಕತ್ತರಿಸಿ ಫ್ರಿಜ್ ಬಾಗಿಲಿಗೆ ಅಂಟಿಸಿದ್ದಾರೆ. ನಾನೂ ಓದಿದೆ. ಎಷ್ಟು ಜನರ ಮೇಲೆ ಪ್ರಯೋಗ ಮಾಡಿದರು, ಸಕ್ಕರೆ ಎಷ್ಟು ಇಳಿಯಿತು, ಎರಡೂ ಇಲ್ಲ. ‘ಪಿ-ವ್ಯಾಲ್ಯೂ 0.05ಕ್ಕಿಂತ ಕಡಿಮೆ’ ಅಂತ ಒಂದು ಸಾಲು ಮಾತ್ರ ಇದೆ, ಸರ್ಕಾರಿ ಮೊಹರಿನ ಥರ. (ಪಿ-ವ್ಯಾಲ್ಯೂ ಅಂದರೆ, ನಿಜವಾದ ಪರಿಣಾಮ ಏನೂ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ಜಾಸ್ತಿ ವ್ಯತ್ಯಾಸ ಆಕಸ್ಮಿಕವಾಗಿ ಕಾಣಿಸೋ ಸಾಧ್ಯತೆ.)

ಇಪ್ಪತ್ತು ಚಿಲ್ಲರೆ ವರ್ಷ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡಿದವನು ನಾನು. ಈ 0.05 ನಮ್ಮ ಕಾಲದ 35 ಮಾರ್ಕಿನ ಹಾಗೆ ಆಗಿಬಿಟ್ಟಿದೆ, ಈಚೆ ಪಾಸು, ಆಚೆ ಫೇಲು. ಒಂದು ರೂಪಾಯಿ ನಾಣ್ಯ ತಗೊಂಡು 20 ಸಲ ಚಿಮ್ಮಿ ನೋಡಿ. 15 ಸಲ ಹೆಡ್ ಬಿದ್ದರೆ ಪಿ-ವ್ಯಾಲ್ಯೂ ಸುಮಾರು 0.04, ನಾಣ್ಯದಲ್ಲಿ ಏನೋ ಮೋಸ ಇದೆ ಅಂತ ಪ್ರಬಂಧ ಬರೀಬಹುದು. 14 ಸಲ ಬಿದ್ದರೆ ಸುಮಾರು 0.12, ಪ್ರಬಂಧ ಕಸದ ಬುಟ್ಟಿಗೆ. ನಡುವೆ ಇರೋದು ಒಂದೇ ಒಂದು ಹೆಡ್ಡು ಅಲ್ವಾ?

ಈ ಗೆರೆ ಆಕಾಶದಿಂದ ಇಳಿದದ್ದಲ್ಲ. ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್ 1925ರಲ್ಲಿ, 20ಕ್ಕೆ 1, ಅಂದರೆ 0.05, ಅನ್ನೋದು ಲೆಕ್ಕಕ್ಕೆ ಅನುಕೂಲ ಅಂತ ಬರೆದರು, ಅಷ್ಟೇ. (ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಕೇಂಬ್ರಿಡ್ಜ್‌ನಲ್ಲಿ ಪಿಎಚ್.ಡಿ. ಮಾಡಿದ್ದು ಇದೇ ಫಿಷರ್ ಕೈಕೆಳಗೆ.) ಪಿ-ವ್ಯಾಲ್ಯೂ 0.05 ಅಂದರೆ ಮೆಂತ್ಯ ಕೆಲಸ ಮಾಡುತ್ತೆ ಅನ್ನೋದು ನೂರಕ್ಕೆ 95 ಖಾತ್ರಿ ಅಂತ ಅರ್ಥ ಅಲ್ಲವೇ ಅಲ್ಲ. ಮೆಂತ್ಯದಲ್ಲಿ ಏನೂ ಗುಣ ಇಲ್ಲದಿದ್ದರೂ ಸುಮ್ನೆ ಆಕಸ್ಮಿಕವಾಗಿ ಇಷ್ಟು, ಅಥವಾ ಇದಕ್ಕಿಂತ ಜಾಸ್ತಿ, ವ್ಯತ್ಯಾಸ ಕಾಣಿಸೋ ಸಾಧ್ಯತೆ ನೂರಕ್ಕೆ 5 ಅಂತ. ಅಮೆರಿಕದ ಸಂಖ್ಯಾಶಾಸ್ತ್ರ ಸಂಘ 2016ರಲ್ಲಿ ಹೇಳಿಕೆಯನ್ನೇ ಹೊರಡಿಸಿ, ಈ ಒಂದು ಗೆರೆ ದಾಟಿತೋ ಇಲ್ಲವೋ ಅಂತ ನೋಡಿ ತೀರ್ಮಾನಕ್ಕೆ ಬರಬೇಡಿ ಅಂದಿತ್ತು.

ಇನ್ನೊಂದು ಇದೆ. ಸಕ್ಕರೆ, ಬಿಪಿ, ತೂಕ, ನಿದ್ದೆ ಅಂತ ಒಂದಕ್ಕೊಂದು ಸಂಬಂಧ ಇಲ್ಲದ 20 ವಿಷಯ ಅಳೆದರೆ, ಮೆಂತ್ಯದಿಂದ ಯಾವುದಕ್ಕೂ ಗುಣ ಇಲ್ಲದಿದ್ದರೂ ಒಂದಾದರೂ 0.05ರ ಕೆಳಗೆ ಬಂದು ‘ಪಾಸ್’ ಆಗೋ ಸಾಧ್ಯತೆ ನೂರಕ್ಕೆ 64. ಆ ಒಂದೇ ನಿಮ್ಮ ತಲೆಬರಹಕ್ಕೆ ಬರುತ್ತೆ, ಮಿಕ್ಕ 19 ಎಲ್ಲೂ ಕಾಣಲ್ಲ. ಅದೇ ಸುದ್ದಿಯಲ್ಲಿ ‘ಅಡ್ಡಪರಿಣಾಮ ಒಂದೂ ಇಲ್ಲ’ ಅಂತಲೂ ಬರೆದಿದ್ದೀರಿ. ಅದಕ್ಕೊಂದು ಸುಲಭದ ಲೆಕ್ಕ ಇದೆ, 3ನ್ನು ಜನರ ಸಂಖ್ಯೆಯಿಂದ ಭಾಗಿಸಿ, ತೊಂದರೆ ಹೆಚ್ಚೆಂದರೆ ಎಷ್ಟು ಪಾಲು ಜನರಿಗೆ ಆಗಬಹುದು ಅಂತ ಅಂದಾಜು ಸಿಗುತ್ತೆ. 30 ಜನರಲ್ಲಿ ಯಾರಿಗೂ ಏನೂ ಆಗಲಿಲ್ಲ ಅಂದರೂ, ನಿಜದಲ್ಲಿ ನೂರಕ್ಕೆ 10 ಜನರವರೆಗೆ ತೊಂದರೆ ಆಗೋ ಹಾಗಿರಬಹುದು.

ಎಷ್ಟು ಜನ, ಎಷ್ಟು ಇಳಿಯಿತು, ಈ ಎರಡು ಅಂಕಿ ಹಾಕೋಕೆ ಅರ್ಧ ಸಾಲು ಸಾಕು. ಜಾಗ ಇಲ್ಲದಿದ್ದರೆ ‘ಸಾಬೀತು’ ತೆಗೆಯಿರಿ. ಅಕ್ಕ ಮೆಂತ್ಯ ನೀರು ಬಿಡೋ ಹಾಗೆ ಕಾಣಲ್ಲ, ಮಾತ್ರೆ ಮಾತ್ರ ನಿಲ್ಲಿಸಬೇಡಿ ಅಂತ ಕೈಮುಗಿದು ಹೇಳಿ ಬಂದಿದ್ದೇನೆ.

– ನಿವೃತ್ತ ಉಪನ್ಯಾಸಕ, ಹಾವೇರಿ