ಮಗನ ಬಾಯಲ್ಲಿ ತಾಯಿಯ ಕಾಯಿಲೆ

ಮಾನ್ಯ ಸಂಪಾದಕರೇ,

ನಾನು ಕ್ಯಾಲಿಫೋರ್ನಿಯಾದ ಫ್ರೆಸ್ನೊದಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಸುತ್ತಲೂ ದ್ರಾಕ್ಷಿ, ಬಾದಾಮಿ ತೋಟ. ಅಲ್ಲಿ ದುಡಿಯುವವರು ಬಹುಪಾಲು ಮೆಕ್ಸಿಕೊ ಕಡೆಯ, ಸ್ಪ್ಯಾನಿಷ್ ಮಾತಾಡುವ ಲ್ಯಾಟಿನೋ ಜನ.

ಹೋದ ತಿಂಗಳು ಒಂದು ಆಸ್ಪತ್ರೆಯಲ್ಲಿ ಸರದಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಹತ್ತು ವರ್ಷದ ಹುಡುಗನೊಬ್ಬ ಇಂಗ್ಲಿಷ್ ಬಾರದ ತಾಯಿಗೆ ದುಭಾಷಿಯಾಗಿ ನಿಂತಿದ್ದ. ನರ್ಸ್ ಕೇಳುತ್ತಿದ್ದದ್ದು ಮುಟ್ಟಿನ ರಕ್ತಸ್ರಾವದ ಬಗ್ಗೆ. ತಾಯಿ ನೆಲ ನೋಡುತ್ತಾ ಒಂದೆರಡು ಮಾತು ಹೇಳಿ ಸುಮ್ಮನಾದರು. ಮಗನ ಮುಂದೆ ಯಾವ ತಾಯಿ ಇದನ್ನೆಲ್ಲ ಬಿಡಿಸಿ ಹೇಳಿಯಾರು?

ಇಲ್ಲಿ ಕಾನೂನು ಇದೆ. ಕೇಂದ್ರ ಸರ್ಕಾರದ ಹಣ ಪಡೆಯುವ ಆಸ್ಪತ್ರೆ ಇಂಗ್ಲಿಷ್ ಬಾರದ ರೋಗಿಗೆ ಪುಕ್ಕಟೆಯಾಗಿ ದುಭಾಷಿ ಕೊಡಬೇಕು. ತುರ್ತು ಸಮಯ ಬಿಟ್ಟರೆ ಮಕ್ಕಳನ್ನು ಈ ಕೆಲಸಕ್ಕೆ ನಿಲ್ಲಿಸುವ ಹಾಗಿಲ್ಲ. ಆದರೂ ನನ್ನ ಕಣ್ಣೆದುರೇ ನಡೆಯಿತು.

ಒಂದು ಮಾತು ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ 1980ರ ಫ್ಲಾರಿಡಾದ ಪ್ರಕರಣ ಸಾಕು. ಪ್ರಜ್ಞೆ ತಪ್ಪಿದ 18ರ ಯುವಕನಿಗೆ 'ಇಂಟೊಕ್ಸಿಕಾಡೊ' ಆಗಿದೆ ಎಂದು ಮನೆಯವರು ಸ್ಪ್ಯಾನಿಷ್ ಪದ ಬಳಸಿ ಹೇಳಿದರು. ತಿಂದದ್ದೇನೋ ಕೆಟ್ಟಿದೆ ಅನ್ನುವುದು ಅವರ ಅರ್ಥ. ವೈದ್ಯರು ಅದನ್ನು ಇಂಗ್ಲಿಷಿನ 'ಇಂಟಾಕ್ಸಿಕೇಟೆಡ್' ಎಂದು ತಿಳಿದು, ಮಾದಕ ವಸ್ತು ಸೇವಿಸಿದ್ದಾನೆ ಅಂದುಕೊಂಡರು. ನಿಜಕ್ಕೂ ಆಗಿದ್ದು ಮೆದುಳಿನಲ್ಲಿ ರಕ್ತಸ್ರಾವ. ಅದು ಗೊತ್ತಾಗುವಷ್ಟರಲ್ಲಿ ತಡವಾಗಿತ್ತು, ಅವನ ಕೈಕಾಲು ಸ್ವಾಧೀನ ತಪ್ಪಿದವು. ನಮ್ಮಮ್ಮ ಇಲ್ಲಿಗೆ ಬಂದಾಗ "ಉಷ್ಣ ಆಗಿದೆ" ಅಂದದ್ದನ್ನು ಡಾಕ್ಟರಿಗೆ ತಿಳಿಸಲು ನಾನೇ ತಿಣುಕಾಡಿದ್ದೆ. ಅವರು ಜ್ವರ ಅಂದುಕೊಂಡಿದ್ದರು.

ಸ್ಪ್ಯಾನಿಷ್ ದುಭಾಷಿ ಇದ್ದರೂ ಎಲ್ಲರಿಗೂ ಸಾಲದು. ಮೆಕ್ಸಿಕೊದ ಓಹಾಕಾ ರಾಜ್ಯದಿಂದ ಬಂದ ಎಷ್ಟೋ ಕೂಲಿಕಾರರ ಮನೆಮಾತು ಮಿಷ್ಟೆಕೊ ಎಂಬ ಅಲ್ಲಿನ ಮೂಲನಿವಾಸಿಗಳ ಭಾಷೆ. ತುಳು ಮಾತ್ರ ಬಲ್ಲ ಅಜ್ಜಿಯ ಹತ್ತಿರ ಮರಾಠಿಯಲ್ಲಿ ಮಾತಾಡಿದ ಹಾಗಾಗುತ್ತದೆ, ಅಲ್ವಾ?

ಈ ಅಂತರ ತುಂಬುತ್ತಿರುವವರು 'ಪ್ರೊಮೊತೋರಾ'ಗಳು. ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ ಅದೇ ಕೇರಿಯ ಹೆಂಗಸರು. ಮನೆಮನೆಗೆ ಹೋಗುತ್ತಾರೆ, ಸಕ್ಕರೆ ಕಾಯಿಲೆಯ ಪರೀಕ್ಷೆಗೆ ಕರೆದುಕೊಂಡು ಬರುತ್ತಾರೆ, ಅರ್ಜಿ ತುಂಬಿಸುತ್ತಾರೆ. ಜನ ಅವರನ್ನು ನಂಬುತ್ತಾರೆ. 2022ರಿಂದ ಇಲ್ಲಿನ ಸರ್ಕಾರಿ ವಿಮೆ ಮೆಡಿ-ಕ್ಯಾಲ್ ಇಂಥ ಕೆಲಸಕ್ಕೆ ಹಣ ಕೊಡುತ್ತಿದೆ. ಆದರೂ ಎಷ್ಟೋ ಜನರ ಸಂಬಳ ಅನುದಾನ ಇರುವ ತನಕ ಮಾತ್ರ. ಗೌರವಧನಕ್ಕಾಗಿ ಆಶಾ ಅಕ್ಕಂದಿರು ಫ್ರೀಡಂ ಪಾರ್ಕ್‌ನಲ್ಲಿ ಕೂತ ಸುದ್ದಿ ಓದಿದಾಗ ನನಗೆ ನೆನಪಾದದ್ದು ಇವರೇ.

ವಲಸೆ ದಾಖಲೆ ಇಲ್ಲದವರಿಗೂ 2024ರಲ್ಲಿ ವಯಸ್ಸಿನ ಭೇದವಿಲ್ಲದೆ ಮೆಡಿ-ಕ್ಯಾಲ್ ಬಾಗಿಲು ತೆರೆದಿತ್ತು. ಅಂಥ ವಯಸ್ಕರ ಹೊಸ ನೋಂದಣಿಯನ್ನು 2026ರ ಜನವರಿಯಿಂದ ನಿಲ್ಲಿಸಿದ್ದಾರೆ. ಇದು ನನಗೆ ಬಹಳ ನೋವಿನ ಸಂಗತಿ. ನಾವು ತಿನ್ನುವ ಹಣ್ಣು ಕೀಳುವವರು ಇವರೇ.

ಕನ್ನಡ ಪತ್ರಿಕೆಗೆ ಯಾಕೆ ಬರೆಯುತ್ತಿದ್ದೇನೆ ಅಂದರೆ, ಅಮೆರಿಕದ ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ಕನ್ನಡಿಗರು ನಿಮ್ಮ ಪತ್ರಿಕೆ ಓದುತ್ತಾರೆ. ಅವರಲ್ಲಿ ನನ್ನದೊಂದು ಕೋರಿಕೆ. ಮಗುವನ್ನು ಹೊರಗೆ ಕೂರಿಸಿ. ಫೋನಿನಲ್ಲಾದರೂ ದುಭಾಷಿಯನ್ನು ಕರೆಸಿ. ನಾಲ್ಕು ನಿಮಿಷ ಜಾಸ್ತಿ ಹಿಡಿಯಬಹುದು, ಆ ತಾಯಿ ಪೂರ್ತಿ ಹೇಳುತ್ತಾರೆ.

– ಓದುಗರೊಬ್ಬರು, ಫ್ರೆಸ್ನೊ